ಅಕ್ಷರವಿಲ್ಲದ ನುಡಿಗೆ ಧರ್ಮಗ್ರಂಥ: ಕಾಡಿನ ಜನರ ನಡುವೆ ಬೈಬಲ್ ಅನುವಾದಕರು

ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿರುವ ಗ್ರಂಥ ಬೈಬಲ್. ಪೂರ್ಣ ಬೈಬಲ್ ಇಂದು 700ಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುತ್ತದೆ. ಹೊಸ ಒಡಂಬಡಿಕೆ ಮಾತ್ರ ಮುದ್ರಣಗೊಂಡಿರುವ ಭಾಷೆಗಳ ಸಂಖ್ಯೆ ಇದಕ್ಕಿಂತ ದೊಡ್ಡದು. ಇವುಗಳಲ್ಲಿ ನೂರಾರು ಭಾಷೆಗಳಿಗೆ ಅನುವಾದಕ ಕಾಲಿಡುವ ಮುನ್ನ ಲಿಪಿಯೇ ಇರಲಿಲ್ಲ, ವ್ಯಾಕರಣವನ್ನಾಗಲಿ ನಿಘಂಟನ್ನಾಗಲಿ ಯಾರೂ ಬರೆದಿರಲಿಲ್ಲ. ಒಂದು ಗ್ರಂಥವನ್ನು ಓದಿಸುವ ಸಲುವಾಗಿ ಮೊದಲು ಅಕ್ಷರಗಳನ್ನು ರೂಪಿಸಬೇಕಾಯಿತು, ಅನಂತರ ಓದುಗರನ್ನು ಸಿದ್ಧಪಡಿಸಬೇಕಾಯಿತು.

ದಟ್ಟ ಕಾಡು, ದ್ವೀಪ, ಗುಡ್ಡಗಳಲ್ಲಿ ವಾಸಿಸುವ ಬುಡಕಟ್ಟು ಜನರ ನಡುವೆ ಈ ಕಾರ್ಯ ನಡೆಸಲು ಮಿಷನರಿಗಳಿಗೆ ವಿಶೇಷ ತರಬೇತಿ ನೀಡುವ ವ್ಯವಸ್ಥೆ ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ಈ ಕಾರ್ಯದಿಂದ ಅನೇಕ ನುಡಿಗಳು ಕಾಗದದ ಮೇಲೆ ಉಳಿದಿವೆ. ಅದೇ ಕಾರ್ಯದ ಬೆನ್ನಿಗೆ ಬಂದ ರೋಗಗಳಿಂದ ಕೆಲವು ಸಮುದಾಯಗಳು ತತ್ತರಿಸಿದ್ದೂ ಉಂಟು. ಈ ಎರಡನ್ನೂ ಒಟ್ಟಿಗೆ ನೋಡದ ಹೊರತು ಈ ಇತಿಹಾಸ ಪೂರ್ಣವಾಗದು.

ಗ್ವಾಟೆಮಾಲಾದಲ್ಲಿ ಆರಂಭ

ಆಧುನಿಕ ಬೈಬಲ್ ಅನುವಾದ ಚಳವಳಿಯ ಮೂಲಪುರುಷನೆಂದು ಅಮೆರಿಕದ ವಿಲಿಯಂ ಕ್ಯಾಮರಾನ್ ಟೌನ್‌ಸೆಂಡ್ (1896–1982) ಅವರನ್ನು ಗುರುತಿಸಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ಇವರು 1917ರಲ್ಲಿ ಸ್ಪ್ಯಾನಿಷ್ ಭಾಷೆಯ ಬೈಬಲ್‌ಗಳನ್ನು ಮಾರಾಟ ಮಾಡಲು ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ತೆರಳಿದರು. ಅಲ್ಲಿನ ಹಳ್ಳಿಗಳಲ್ಲಿ ಅವರು ಕಂಡ ಮಾಯಾ ಜನರಲ್ಲಿ ಹೆಚ್ಚಿನವರಿಗೆ ಸ್ಪ್ಯಾನಿಷ್ ಅರ್ಥವಾಗುತ್ತಿರಲಿಲ್ಲ. ದೇವರು ಅಷ್ಟು ದೊಡ್ಡವನಾದರೆ ಅವನಿಗೆ ನಮ್ಮ ಭಾಷೆ ಏಕೆ ಬಾರದು ಎಂದು ಕಾಕ್ಚಿಕೆಲ್ ಸಮುದಾಯದ ವ್ಯಕ್ತಿಯೊಬ್ಬ ಕೇಳಿದ ಪ್ರಶ್ನೆ ಅವರ ದಾರಿಯನ್ನು ಬದಲಿಸಿತೆಂದು ಹೇಳಲಾಗುತ್ತದೆ.

ಟೌನ್‌ಸೆಂಡ್ ಕಾಕ್ಚಿಕೆಲ್ ಕಲಿಯತೊಡಗಿದರು. ಲ್ಯಾಟಿನ್ ವ್ಯಾಕರಣದ ಚೌಕಟ್ಟು ಈ ಭಾಷೆಗೆ ಹೊಂದುವುದಿಲ್ಲವೆಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಒಂದೇ ಕ್ರಿಯಾಪದಕ್ಕೆ ಹಿಂದೆ ಮುಂದೆ ಪ್ರತ್ಯಯಗಳು ಸೇರಿ ಸಾವಿರಾರು ರೂಪಗಳು ಹುಟ್ಟುತ್ತಿದ್ದವು. ಸುಮಾರು ಹತ್ತು ವರ್ಷಗಳ ಶ್ರಮದ ಬಳಿಕ ಹೊಸ ಒಡಂಬಡಿಕೆಯ ಅನುವಾದ ಪೂರ್ಣಗೊಂಡು 1931ರಲ್ಲಿ ಪ್ರಕಟವಾಯಿತು.

ಧರ್ಮಶ್ರದ್ಧೆಯೊಂದಿದ್ದರೆ ಅನುವಾದ ಸಾಧ್ಯವಿಲ್ಲ, ಭಾಷಾವಿಜ್ಞಾನದ ಶಿಸ್ತೂ ಬೇಕು ಎಂಬುದು ಈ ಅನುಭವ ಕಲಿಸಿದ ಪಾಠ. 1934ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ‘ಕ್ಯಾಂಪ್ ವಿಕ್ಲಿಫ್’ ಎಂಬ ಬೇಸಿಗೆ ಶಿಬಿರ ಆರಂಭವಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ಬೈಬಲನ್ನು ಇಂಗ್ಲಿಷಿಗೆ ತಂದ ಜಾನ್ ವಿಕ್ಲಿಫ್ ಅವರ ಹೆಸರನ್ನು ಶಿಬಿರಕ್ಕೆ ಇಡಲಾಗಿತ್ತು. ಮೊದಲ ವರ್ಷ ಬಂದ ವಿದ್ಯಾರ್ಥಿಗಳು ಇಬ್ಬರೇ. ಮರುವರ್ಷ ಸೇರಿದ ಕೆನೆತ್ ಪೈಕ್ ಹಾಗೂ 1936ರಲ್ಲಿ ಬಂದ ಯೂಜೀನ್ ನೈಡಾ ಮುಂದೆ ವಿಶ್ವಖ್ಯಾತ ಭಾಷಾವಿಜ್ಞಾನಿಗಳಾದರು. ಈ ಶಿಬಿರವೇ ಬೆಳೆದು ಸಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್, ಅಂದರೆ ಎಸ್‌ಐಎಲ್ ಆಯಿತು. 1942ರಲ್ಲಿ ಅದರ ಜೋಡಿ ಸಂಸ್ಥೆಯಾಗಿ ‘ವಿಕ್ಲಿಫ್ ಬೈಬಲ್ ಟ್ರಾನ್ಸ್‌ಲೇಟರ್ಸ್’ ಸ್ಥಾಪನೆಗೊಂಡಿತು. ಅದೇ ವರ್ಷ ಪಾಲ್ ಫ್ಲೆಮಿಂಗ್ ಅವರು ‘ನ್ಯೂ ಟ್ರೈಬ್ಸ್ ಮಿಷನ್’ ಆರಂಭಿಸಿದರು. ಹೊರಜಗತ್ತಿನ ಸಂಪರ್ಕಕ್ಕೇ ಬಾರದ ಬುಡಕಟ್ಟುಗಳನ್ನು ತಲುಪುವುದು ಇದರ ಗುರಿಯಾಗಿತ್ತು. 2017ರಲ್ಲಿ ಈ ಸಂಸ್ಥೆ ತನ್ನ ಹೆಸರನ್ನು ‘ಎಥ್ನೋಸ್ 360’ ಎಂದು ಬದಲಿಸಿಕೊಂಡಿತು.

ತರಗತಿಯಿಂದ ಕಾಡಿಗೆ

ಅಭ್ಯರ್ಥಿಗಳಿಗೆ ನೀಡಲಾಗುತ್ತಿದ್ದ ತರಬೇತಿ ಎರಡು ಬಗೆಯದು. ಮೊದಲನೆಯದು ಕಿವಿಗೆ. ಕೇಳಿರದ ಧ್ವನಿಗಳನ್ನು ಗುರುತಿಸಿ ಅಂತಾರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರೆದುಕೊಳ್ಳುವುದು, ಸ್ವರದ ಏರಿಳಿತವನ್ನು ಗುರುತಿಸುವುದು, ಮಾತನ್ನು ಪದ ಮತ್ತು ಪ್ರತ್ಯಯಗಳಾಗಿ ಬಿಡಿಸುವುದು ಇದರಲ್ಲಿ ಸೇರಿದ್ದವು. ಕೆನೆತ್ ಪೈಕ್ ಅವರ ‘ಏಕಭಾಷಾ ಪ್ರಾತ್ಯಕ್ಷಿಕೆ’ ಇಂತಹ ತರಗತಿಗಳಲ್ಲಿ ಹೆಸರುವಾಸಿಯಾಗಿತ್ತು. ತಮಗೆ ಕಿಂಚಿತ್ತೂ ತಿಳಿಯದ ಭಾಷೆಯನ್ನಾಡುವ ವ್ಯಕ್ತಿಯನ್ನು ವೇದಿಕೆಗೆ ಕರೆಸಿ, ಎಲೆ, ಕಡ್ಡಿ, ಕಲ್ಲುಗಳನ್ನು ತೋರಿಸುತ್ತ, ಅವರ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತ, ಅಲ್ಪ ಸಮಯದಲ್ಲಿಯೇ ಆ ಭಾಷೆಯ ವಾಕ್ಯರಚನೆಯ ಸುಳಿವನ್ನು ಅವರು ಹಿಡಿಯುತ್ತಿದ್ದರು. ನಡುವೆ ಯಾವ ಸಂಪರ್ಕ ಭಾಷೆಯೂ ಇಲ್ಲದಿದ್ದಾಗ ಭಾಷೆ ಕಲಿಯುವ ಬಗೆ ಇದು.

ಎರಡನೆಯದು ದೇಹಕ್ಕೆ. 1940ರ ದಶಕದಿಂದ ಮೆಕ್ಸಿಕೋದ ಚಿಯಾಪಾಸ್ ಕಾಡಿನಲ್ಲಿ ‘ಜಂಗಲ್ ಕ್ಯಾಂಪ್’ ನಡೆಯುತ್ತಿತ್ತು. ಸಿಕ್ಕ ಕಂಬ ಮತ್ತು ಗರಿಗಳಿಂದ ಗುಡಿಸಲು ಕಟ್ಟುವುದು, ದೋಣಿ ನಡೆಸುವುದು, ದೀರ್ಘ ಕಾಲ್ನಡಿಗೆ, ಪ್ರಥಮ ಚಿಕಿತ್ಸೆ, ಕಾಡಿನಲ್ಲಿ ಒಬ್ಬಂಟಿಯಾಗಿ ರಾತ್ರಿ ಕಳೆಯುವುದು ಮುಂತಾದವು ಪಾಠಗಳಾಗಿದ್ದವು. ರಸ್ತೆಯಿಲ್ಲದ ಪ್ರದೇಶಗಳಿಗೆ ಸಣ್ಣ ವಿಮಾನ ಮತ್ತು ರೇಡಿಯೊ ಸೇವೆ ಒದಗಿಸಲು 1948ರಲ್ಲಿ ಪ್ರತ್ಯೇಕ ವಿಭಾಗವೇ ಹುಟ್ಟಿಕೊಂಡಿತು.

ಧ್ವನಿಯಿಂದ ಗ್ರಂಥದವರೆಗೆ

ಲಿಪಿಯಿಲ್ಲದ ಭಾಷೆಗೆ ಅಕ್ಷರ ರೂಪಿಸುವುದೆಂದರೆ ಕೇಳಿದ ಪ್ರತಿ ಸದ್ದಿಗೂ ಒಂದು ಗುರುತು ನೀಡುವುದಲ್ಲ. ಯಾವ ಧ್ವನಿ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಕನ್ನಡದಲ್ಲಿ ‘ಹುಲಿ’ ಮತ್ತು ‘ಹುಳಿ’ ಬೇರೆ ಬೇರೆ. ಇಂಗ್ಲಿಷ್ ಮಾತನಾಡುವವರ ಕಿವಿಗೆ ಎರಡೂ ಒಂದೇ ಎನಿಸಬಹುದು. ಇಂಗ್ಲಿಷಿನ ‘ಪಿನ್’ ಎಂಬ ಪದದ ಪಕಾರದಲ್ಲಿ ಉಸಿರು ಹೆಚ್ಚು, ‘ಸ್ಪಿನ್’ ಎಂಬಲ್ಲಿ ಕಡಿಮೆ. ಆದರೆ ಆ ಭೇದದಿಂದ ಇಂಗ್ಲಿಷಿನಲ್ಲಿ ಅರ್ಥ ಬದಲಾಗದ ಕಾರಣ ಎರಡಕ್ಕೂ ಒಂದೇ ಅಕ್ಷರ ಸಾಕು. ಹೀಗೆ ಅರ್ಥಭೇದ ತರುವ ಧ್ವನಿಗಳನ್ನು ಧ್ವನಿಮಾ ಎನ್ನಲಾಗುತ್ತದೆ. ಇವುಗಳನ್ನು ಬೇರ್ಪಡಿಸುವ ವಿಧಾನವನ್ನು ವಿವರಿಸುವ ಪೈಕ್ ಅವರ ಗ್ರಂಥ 1947ರಲ್ಲಿ ಪ್ರಕಟವಾಗಿ ಮಿಷನರಿಗಳಾಚೆಗೂ ಪಠ್ಯವಾಯಿತು.

ಅಕ್ಷರಗಳು ಸಿದ್ಧವಾದ ಮೇಲೆ ಕಥೆ, ಬೇಟೆಯ ವಿವರ, ದಿನದ ಮಾತುಕತೆಗಳನ್ನು ಸಂಗ್ರಹಿಸಿ ವ್ಯಾಕರಣ ಹಾಗೂ ಪದಪಟ್ಟಿಯನ್ನು ತಯಾರಿಸಲಾಗುತ್ತದೆ. ಅನುವಾದವನ್ನು ಸಾಮಾನ್ಯವಾಗಿ ನಾಲ್ಕು ಸುವಾರ್ತೆಗಳಲ್ಲಿ ಅತಿ ಚಿಕ್ಕದಾದ ಮಾರ್ಕನ ಸುವಾರ್ತೆಯಿಂದ ಆರಂಭಿಸುವುದು ರೂಢಿ. ಕರಡನ್ನು ಆ ಭಾಷೆಯವರಿಗೆ ಓದಿ ಹೇಳಿ, ಏನು ಅರ್ಥವಾಯಿತೆಂದು ಕೇಳಲಾಗುತ್ತದೆ. ಮೂಲವನ್ನು ನೋಡಿರದ ಮತ್ತೊಬ್ಬರಿಂದ ಅದನ್ನು ಪರಿಚಿತ ಭಾಷೆಗೆ ಮರಳಿ ಅನುವಾದ ಮಾಡಿಸಿ, ಹೊರಗಿನ ತಜ್ಞರು ಮೂಲದೊಂದಿಗೆ ಹೋಲಿಸುತ್ತಾರೆ. ಹೊಸ ಒಡಂಬಡಿಕೆಯೊಂದನ್ನೇ ಮುಗಿಸಲು ಹಿಂದೆ ಹದಿನೈದು, ಇಪ್ಪತ್ತು ವರ್ಷ ಹಿಡಿಯುತ್ತಿದ್ದುದು ಅಪರೂಪವಲ್ಲ.

ಪದಕ್ಕೆ ಪದವೇ, ಅರ್ಥಕ್ಕೆ ಅರ್ಥವೇ?

ಕುರಿಯನ್ನೇ ಕಾಣದವರಿಗೆ ಕುರಿಮರಿಯ ಉಪಮೆಯನ್ನು ಹೇಗೆ ಹೇಳುವುದು, ಗೋಧಿ ಬೆಳೆಯದ ನಾಡಿನಲ್ಲಿ ರೊಟ್ಟಿಗೆ ಏನೆನ್ನುವುದು ಎಂಬ ಸಮಸ್ಯೆ ಎಲ್ಲ ಅನುವಾದಕರಿಗೂ ಎದುರಾಗುತ್ತದೆ. ಪದಕ್ಕೆ ಪದ ಜೋಡಿಸುವುದಕ್ಕಿಂತ ಮೂಲ ಓದುಗನಲ್ಲಿ ಉಂಟಾದ ಪರಿಣಾಮವೇ ಹೊಸ ಓದುಗನಲ್ಲಿಯೂ ಉಂಟಾಗುವಂತೆ ಅನುವಾದಿಸಬೇಕು ಎಂಬ ಸಿದ್ಧಾಂತವನ್ನು ಯೂಜೀನ್ ನೈಡಾ ಮಂಡಿಸಿದರು. ಅದು ಇಂದು ಸಾಹಿತ್ಯಾನುವಾದದ ಪಠ್ಯಗಳಲ್ಲಿಯೂ ಸ್ಥಾನ ಪಡೆದಿದೆ.

ಪದಗಳಿಗಿಂತ ಕಠಿಣವಾದುದು ಮೌಲ್ಯಗಳ ಅಂತರ. 1962ರಲ್ಲಿ ಡಚ್ ಆಳ್ವಿಕೆಯ ನ್ಯೂಗಿನಿಯಲ್ಲಿ ಸಾವಿ ಎಂಬ ಬುಡಕಟ್ಟಿನ ನಡುವೆ ನೆಲೆಸಿದ ಡಾನ್ ರಿಚರ್ಡ್‌ಸನ್ ಅವರ ಅನುಭವ ಇದಕ್ಕೆ ಪ್ರಸಿದ್ಧ ನಿದರ್ಶನ. ಸ್ನೇಹ ಬೆಳೆಸಿ, ಊಟವಿಕ್ಕಿ, ಬಳಿಕ ಕೊಲ್ಲುವ ನಂಬಿಕೆದ್ರೋಹವನ್ನು ಸಾವಿಗಳು ಶ್ರೇಷ್ಠ ಜಾಣ್ಮೆಯೆಂದು ಭಾವಿಸುತ್ತಿದ್ದರು. ಏಸುವಿನ ಕಥೆ ಕೇಳಿದಾಗ ಅವರು ಮೆಚ್ಚಿದ್ದು ಏಸುವನ್ನಲ್ಲ, ಅವನನ್ನು ಹಿಡಿದುಕೊಟ್ಟ ಯೂದನನ್ನು. ವೈರಿಗಳ ನಡುವೆ ಶಾಂತಿ ಸ್ಥಾಪಿಸಲು ತಮ್ಮ ಹಸುಗೂಸನ್ನೇ ಎದುರಾಳಿಗೆ ಒಪ್ಪಿಸುವ ಪದ್ಧತಿ ಆ ಜನರಲ್ಲಿದ್ದುದು ಅನಂತರ ರಿಚರ್ಡ್‌ಸನ್ ಅವರ ಗಮನಕ್ಕೆ ಬಂದಿತು. ಆ ‘ಶಾಂತಿಶಿಶು’ವಿನ ಹೋಲಿಕೆಯ ಮೂಲಕವೇ ಅವರು ಕಥೆಯನ್ನು ಮತ್ತೆ ಹೇಳಿದರು. 1974ರಲ್ಲಿ ಪ್ರಕಟವಾದ ಅವರ ಪುಸ್ತಕಕ್ಕೂ ಇದೇ ಹೆಸರು.

ಕುರಾರೈ ದಂಡೆಯ ಐದು ಸಾವುಗಳು

ಈ ಕಾರ್ಯಕ್ಷೇತ್ರದಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದುದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ವಾವೊರಾನಿ ಜನರ ಪ್ರಸಂಗ. ಅಮೆಜಾನ್ ಕಾಡಿನ ಈ ಸಮುದಾಯದಲ್ಲಿ ಆಗ ಸುಮಾರು 500 ಮಂದಿಯಿದ್ದರು. ನೆರೆಯ ಕಿಚುವಾ ಜನರು ಇವರನ್ನು ‘ಔಕಾ’, ಅಂದರೆ ಕಾಡುಮನುಷ್ಯರು ಎಂದು ಕರೆಯುತ್ತಿದ್ದರು. ಹೊರಗಿನವರನ್ನು ವಾವೊರಾನಿಗಳು ‘ಕೊವೊದೆ’ ಎನ್ನುತ್ತಿದ್ದರು, ಅವರು ನರಭಕ್ಷಕರೆಂದು ನಂಬಿದ್ದರು. ಕುಟುಂಬಗಳ ನಡುವಿನ ಹಗೆ ತಲೆಮಾರುಗಳಿಂದ ಸಾಗಿಬಂದಿತ್ತು. ಸಂಪರ್ಕಕ್ಕೆ ಮುನ್ನ ಸಂಭವಿಸಿದ ಸಾವುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಸಮುದಾಯದೊಳಗಿನ ಈಟಿ ದಾಳಿಗಳಿಂದಲೇ ಆಗಿದ್ದವೆಂದು ವಂಶಾವಳಿಗಳನ್ನು ಸಂಗ್ರಹಿಸಿದ ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ.

1955ರಲ್ಲಿ ಐವರು ಅಮೆರಿಕನ್ ಮಿಷನರಿಗಳು ಸಣ್ಣ ವಿಮಾನದಿಂದ ಹಗ್ಗದ ತುದಿಗೆ ಬುಟ್ಟಿ ಕಟ್ಟಿ ವಾವೊರಾನಿ ನೆಲೆಯೊಂದಕ್ಕೆ ಉಡುಗೊರೆಗಳನ್ನು ಇಳಿಸತೊಡಗಿದರು. ವಿಮಾನ ವೃತ್ತಾಕಾರದಲ್ಲಿ ಸುತ್ತುವಾಗ ಬುಟ್ಟಿ ನಡುವೆ ನಿಶ್ಚಲವಾಗಿ ನಿಲ್ಲುತ್ತಿತ್ತು. ಕೆಲವು ವಾರಗಳ ಬಳಿಕ ಕೆಳಗಿನವರೂ ಪ್ರತಿಯಾಗಿ ಉಡುಗೊರೆಗಳನ್ನು ಕಟ್ಟಿ ಕಳುಹಿಸಿದರು. ಅವುಗಳಲ್ಲಿ ಒಂದು ಜೀವಂತ ಗಿಳಿಯೂ ಇತ್ತು. 1956ರ ಜನವರಿ ಮೊದಲ ವಾರದಲ್ಲಿ ತಂಡ ಕುರಾರೈ ನದಿಯ ಮರಳ ದಂಡೆಯ ಮೇಲೆ ಇಳಿದು ಬೀಡುಬಿಟ್ಟಿತು. ಜನವರಿ 8ರಂದು ಜಿಮ್ ಎಲಿಯಟ್, ನೇಟ್ ಸೇಂಟ್, ಎಡ್ ಮೆಕಲಿ, ಪೀಟರ್ ಫ್ಲೆಮಿಂಗ್ ಮತ್ತು ರೋಜರ್ ಯೂಡೇರಿಯನ್ ಈಟಿಗಳಿಗೆ ಬಲಿಯಾದರು. ತಂಡಕ್ಕೆ ವಾವೊರಾನಿ ಭಾಷೆಯ ಕೆಲವೇ ನುಡಿಗಟ್ಟುಗಳು ತಿಳಿದಿದ್ದವು.

ಅವುಗಳನ್ನು ಕಲಿಸಿದವಳು ದಾಯುಮಾ. ರಕ್ತಪಾತಕ್ಕೆ ಹೆದರಿ ಎಳೆಯ ವಯಸ್ಸಿನಲ್ಲಿ ಕಾಡು ತೊರೆದು ಹೊರಗಿನ ತೋಟವೊಂದರಲ್ಲಿ ಕೂಲಿಯಾಗಿದ್ದ ವಾವೊರಾನಿ ಹೆಣ್ಣುಮಗಳು ಆಕೆ. ನೇಟ್ ಸೇಂಟ್ ಅವರ ಅಕ್ಕ, ಎಸ್‌ಐಎಲ್‌ನ ರೇಚಲ್ ಸೇಂಟ್ 1955ರಿಂದಲೇ ಆಕೆಯಿಂದ ಭಾಷೆ ಕಲಿಯುತ್ತಿದ್ದರು. ಹತ್ಯೆ ನಡೆದ ಎರಡು ವರ್ಷಗಳ ಬಳಿಕ, 1958ರಲ್ಲಿ, ದಾಯುಮಾ ತನ್ನ ಜನರ ಬಳಿಗೆ ಮರಳಿದಳು. ಅದೇ ಅಕ್ಟೋಬರ್‌ನಲ್ಲಿ ರೇಚಲ್ ಸೇಂಟ್ ಹಾಗೂ ಜಿಮ್ ಎಲಿಯಟ್ ಅವರ ಪತ್ನಿ ಎಲಿಜಬೆತ್ ತಮ್ಮ ಪುಟ್ಟ ಮಗಳೊಂದಿಗೆ ಅಲ್ಲಿಗೆ ತೆರಳಿ, ತಮ್ಮವರನ್ನು ಕೊಂದವರ ನಡುವೆಯೇ ವಾಸವಾದರು. ಹಂತಕರಲ್ಲಿ ಹಲವರು ಮುಂದೆ ಕ್ರೈಸ್ತರಾದರು. ಹಗೆಯ ಸರಣಿ ಹತ್ಯೆಗಳು ಗಣನೀಯವಾಗಿ ಇಳಿದವು. 1965ರಲ್ಲಿ ಮಾರ್ಕನ ಸುವಾರ್ತೆ, 1992ರಲ್ಲಿ ಸಂಪೂರ್ಣ ಹೊಸ ಒಡಂಬಡಿಕೆ ವಾವೊರಾನಿ ಭಾಷೆಯಲ್ಲಿ ಪ್ರಕಟವಾದವು.

ಶಾಂತಿಗೆ ತೆತ್ತ ಬೆಲೆ

ಮಿಷನರಿ ಸಾಹಿತ್ಯದಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ವಾವೊರಾನಿಗಳ ಪಾಲಿಗೆ ಅದು ಮುಂದುವರಿಯಿತು. 1967ರಲ್ಲಿ ಈಕ್ವೆಡಾರ್‌ನ ಅಮೆಜಾನ್ ಭಾಗದಲ್ಲಿ ತೈಲ ನಿಕ್ಷೇಪ ಪತ್ತೆಯಾಯಿತು. ಚದುರಿದ್ದ ಗುಂಪುಗಳನ್ನು ಮಿಷನ್ ನೆಲೆಯ ಸುತ್ತ ಒಟ್ಟುಗೂಡಿಸುವ ಕಾರ್ಯ ಅದೇ ವರ್ಷಗಳಲ್ಲಿ ಚುರುಕುಗೊಂಡಿತು. ಹೀಗೆ ಅವರಿಗೆ ಮೀಸಲಾದ ಪ್ರದೇಶ ಅವರು ಓಡಾಡಿಕೊಂಡಿದ್ದ ಕಾಡಿನ ಸಣ್ಣ ಭಾಗ ಮಾತ್ರ. ತೆರವಾದ ನೆಲ ತೈಲ ಕಂಪೆನಿಗಳ ಶೋಧಕ್ಕೆ ಅನುಕೂಲವಾಯಿತೆಂಬುದು ಟೀಕಾಕಾರರ ಪ್ರಮುಖ ಆರೋಪ. 1969ರಲ್ಲಿ ಆ ಜನನಿಬಿಡ ನೆಲೆಗೆ ಪೋಲಿಯೊ ತಗುಲಿ 16 ಮಂದಿ ಮೃತಪಟ್ಟರು, ಹಲವರು ಅಂಗವಿಕಲರಾದರು.

ಎಸ್‌ಐಎಲ್ ಸಂಸ್ಥೆಯೇ 1974ರಲ್ಲಿ ಜೇಮ್ಸ್ ಯೋಸ್ಟ್ ಎಂಬ ಮಾನವಶಾಸ್ತ್ರಜ್ಞರನ್ನು ಅಧ್ಯಯನಕ್ಕೆ ನಿಯೋಜಿಸಿತು. ಮಿಷನ್ ನೆಲೆಯ ಮೇಲೆ ಜನರ ಅವಲಂಬನೆ ಅತಿಯಾಗಿದೆ ಎಂಬುದನ್ನು ಅವರ ಅಧ್ಯಯನ ಎತ್ತಿ ತೋರಿಸಿತು. ಸಂಸ್ಥೆಯೊಂದಿಗೆ ಭಿನ್ನಾಭಿಪ್ರಾಯ ತಲೆದೋರಿ ರೇಚಲ್ ಸೇಂಟ್ ಹೊರಬಂದರಾದರೂ ವಾವೊರಾನಿಗಳ ನಡುವೆಯೇ ಉಳಿದರು. 1994ರಲ್ಲಿ ಅವರು ನಿಧನರಾದರು.

ಸರ್ಕಾರಗಳ ಮತ್ತು ವಿದ್ವಾಂಸರ ವಿರೋಧ

ಲ್ಯಾಟಿನ್ ಅಮೆರಿಕದಲ್ಲಿ 1970ರ ದಶಕದಿಂದ ವಿರೋಧ ಸಂಘಟಿತ ರೂಪ ಪಡೆಯಿತು. 1971ರ ಬಾರ್ಬಡೋಸ್ ಘೋಷಣೆಯಲ್ಲಿ ಮಾನವಶಾಸ್ತ್ರಜ್ಞರ ಗುಂಪೊಂದು ಮೂಲನಿವಾಸಿಗಳ ನಡುವೆ ಮಿಷನರಿ ಚಟುವಟಿಕೆ ಕೊನೆಗೊಳ್ಳಬೇಕೆಂದು ಆಗ್ರಹಿಸಿತು. ಸರ್ಕಾರಗಳ ಮುಂದೆ ಭಾಷಾ ಸಂಶೋಧನಾ ಸಂಸ್ಥೆಯಾಗಿ, ದೇಣಿಗೆ ನೀಡುವ ಚರ್ಚುಗಳ ಮುಂದೆ ಮಿಷನ್ ಆಗಿ ಕಾಣಿಸಿಕೊಳ್ಳುವ ಇಬ್ಬಗೆಯ ನಿಲುವು ಎಸ್‌ಐಎಲ್ ಮೇಲಿನ ಮತ್ತೊಂದು ದೂರು. ಟೌನ್‌ಸೆಂಡ್ ಅವರಿಗೆ ಹಿಂದೆ ಅಧ್ಯಕ್ಷ ಲಾಸರೊ ಕಾರ್ದೆನಾಸ್ ಅವರೇ ಬೆಂಬಲ ನೀಡಿದ್ದ ಮೆಕ್ಸಿಕೋ ದೇಶ 1979ರಲ್ಲಿ ಸಂಸ್ಥೆಯೊಂದಿಗಿನ ಒಪ್ಪಂದವನ್ನು ಕೊನೆಗೊಳಿಸಿತು. 1981ರಲ್ಲಿ ಈಕ್ವೆಡಾರ್ ಕೂಡ ಅದೇ ಹಾದಿ ಹಿಡಿಯಿತು. ಅದೇ ವರ್ಷ ಕೊಲಂಬಿಯಾದಲ್ಲಿ ಎಂ–19 ಬಂಡುಕೋರರು ಸಂಸ್ಥೆಯ ಚೆಸ್ಟರ್ ಬಿಟರ್‌ಮನ್ ಎಂಬ ಕಾರ್ಯಕರ್ತನನ್ನು ಅಪಹರಿಸಿ ಹತ್ಯೆಗೈದರು.

ನ್ಯೂ ಟ್ರೈಬ್ಸ್ ಮಿಷನ್‌ನ ಇತಿಹಾಸವೂ ಸಂಘರ್ಷಮಯ. 1943ರಲ್ಲಿ ಬೊಲಿವಿಯಾದ ಅಯೊರೆಯೊ ಜನರನ್ನು ಅರಸಿ ಹೊರಟ ಅದರ ಮೊದಲ ತಂಡದ ಐವರು ಕೊಲ್ಲಲ್ಪಟ್ಟರು. 1987ರಲ್ಲಿ ಸಂಸ್ಥೆ ಬ್ರೆಜಿಲ್‌ನ ಜೊಯೆ ಜನರೊಂದಿಗೆ ಸಂಪರ್ಕ ಸಾಧಿಸಿತು. ಫ್ಲೂ, ಮಲೇರಿಯಾಗಳಿಂದ ಅನೇಕರು ಅಸುನೀಗಿದರು. 1991ರಲ್ಲಿ ಬ್ರೆಜಿಲ್‌ನ ಮೂಲನಿವಾಸಿ ವ್ಯವಹಾರಗಳ ಇಲಾಖೆ ಸಂಸ್ಥೆಯನ್ನು ಅಲ್ಲಿಂದ ತೆರವುಗೊಳಿಸಿತು. 2005ರಲ್ಲಿ ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಜ್ ಸಂಸ್ಥೆಗೆ ದೇಶ ಬಿಡುವಂತೆ ಆದೇಶಿಸಿದರು.

ಈ ಸಾವುಗಳಿಗೆ ಕಾರಣ ಕ್ರೌರ್ಯವಲ್ಲ, ರೋಗನಿರೋಧಕ ಶಕ್ತಿಯ ಅಭಾವ. ತಲೆಮಾರುಗಳಿಂದ ಪ್ರತ್ಯೇಕವಾಗಿ ಬದುಕಿದ ಜನರ ದೇಹಕ್ಕೆ ಫ್ಲೂ, ದಡಾರಗಳ ಪರಿಚಯವಿರುವುದಿಲ್ಲ. ನಗರವಾಸಿಗೆ ಮೂರು ದಿನದ ಜ್ವರ ಅಲ್ಲಿ ಊರನ್ನೇ ಮಲಗಿಸಬಲ್ಲದು. ಬೇಟೆಯಾಡುವವರು, ನೀರು ತರುವವರು ಎಲ್ಲರೂ ಒಮ್ಮೆಲೇ ಹಾಸಿಗೆ ಹಿಡಿದರೆ ರೋಗಕ್ಕಿಂತ ಮೊದಲು ಹಸಿವು, ದಾಹಗಳೇ ಪ್ರಾಣ ತೆಗೆಯುತ್ತವೆ.

ಕಲಿಸಲು ಹೋಗಿ ಕಲಿತು ಬಂದವರು

ಅನುವಾದಕನೇ ಬದಲಾದ ನಿದರ್ಶನವೂ ಉಂಟು. ಎಸ್‌ಐಎಲ್‌ನಲ್ಲಿ ತರಬೇತಿ ಪಡೆದ ಅಮೆರಿಕದ ಡೇನಿಯಲ್ ಎವರೆಟ್ 1977ರಲ್ಲಿ ಬ್ರೆಜಿಲ್‌ನ ಮೈಸಿ ನದಿಯ ದಂಡೆಯ ಪಿರಹಾ ಜನರ ಬಳಿಗೆ ತೆರಳಿದರು. ಕೆಲವೇ ನೂರು ಜನರು ಆಡುವ ಈ ಭಾಷೆಯಲ್ಲಿ ಧ್ವನಿಮಾಗಳು ಅತ್ಯಲ್ಪ. ಸ್ವರದ ಏರಿಳಿತದಿಂದ ಅರ್ಥ ಬದಲಾಗುತ್ತದೆ, ಬೇಟೆಯ ವೇಳೆ ಸಿಳ್ಳೆಯಲ್ಲಿಯೇ ಸಂಭಾಷಣೆ ಸಾಗುತ್ತದೆ. ಖಚಿತ ಸಂಖ್ಯಾವಾಚಕಗಳೇ ಇದರಲ್ಲಿಲ್ಲ ಎಂಬುದು ಎವರೆಟ್ ಅವರ ನಿಲುವು.

ಎವರೆಟ್ ಮಾರ್ಕನ ಸುವಾರ್ತೆಯನ್ನು ಅನುವಾದಿಸಿದರು. ಆದರೆ ಪಿರಹಾಗಳು ತಾವು ಕಂಡದ್ದನ್ನು, ಅಥವಾ ಕಂಡವರಿಂದ ನೇರವಾಗಿ ಕೇಳಿದ್ದನ್ನು ಮಾತ್ರ ನಂಬುವವರು. ಏಸುವನ್ನು ಎವರೆಟ್ ಆಗಲಿ, ಅವರ ತಂದೆಯಾಗಲಿ ಕಂಡಿಲ್ಲವೆಂದು ತಿಳಿದಾಗ ಅವರ ಆಸಕ್ತಿ ಅಲ್ಲಿಗೇ ನಿಂತಿತು. ತಾವು ಸುಖವಾಗಿಯೇ ಇರುವುದಾಗಿ ಭಾವಿಸಿದ್ದ ಆ ಜನರ ಮುಂದೆ ಎವರೆಟ್ ಅವರ ಶ್ರದ್ಧೆಯೇ ಕರಗಿತು. 2008ರಲ್ಲಿ ಪ್ರಕಟವಾದ ಕೃತಿಯಲ್ಲಿ ಅವರು ಇದನ್ನು ವಿವರಿಸಿದ್ದಾರೆ. ಪಿರಹಾ ಭಾಷೆಯನ್ನು ಕುರಿತು 2005ರಲ್ಲಿ ಅವರು ಮಂಡಿಸಿದ ವಾದ ನೋಮ್ ಚಾಮ್‌ಸ್ಕಿ ಅವರ ಸಿದ್ಧಾಂತಕ್ಕೆ ಸವಾಲೆಸೆದು ದೀರ್ಘ ವಿವಾದಕ್ಕೆ ಕಾರಣವಾಯಿತು.

ಭಾರತದ ಅನುಭವ

ಭಾರತದಲ್ಲಿ ಈ ಪರಂಪರೆ ಟೌನ್‌ಸೆಂಡ್ ಅವರಿಗಿಂತ ಒಂದು ಶತಮಾನ ಹಳೆಯದು. 1800ರಲ್ಲಿ ಸೆರಾಂಪುರದಲ್ಲಿ ನೆಲೆಸಿದ ವಿಲಿಯಂ ಕೇರಿ ಮತ್ತು ಸಂಗಡಿಗರು ಹತ್ತಾರು ಭಾಷೆಗಳಲ್ಲಿ ಬೈಬಲ್ ಭಾಗಗಳನ್ನು ಮುದ್ರಿಸಿದರು. ಕನ್ನಡದ ಮೊದಲ ಪೂರ್ಣ ಬೈಬಲ್, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರಲ್ಲಿ ಸಿದ್ಧವಾಯಿತು. ಯೆಹೂದ್ಯ ನಾಡಿನ ಕುರಿಗಾಹಿ ಕನ್ನಡ ಬೈಬಲ್‌ನಲ್ಲಿ ‘ಕುರುಬ’ನಾದದ್ದು, ಅಲ್ಲಿನ ಬ್ರೆಡ್ ‘ರೊಟ್ಟಿ’ಯಾದದ್ದು ಅನುವಾದದ ಇದೇ ಕಷ್ಟಕ್ಕೆ ಕಂಡುಕೊಂಡ ಪರಿಹಾರ.

ಸಾವಿರ ವರ್ಷಗಳ ಸಾಹಿತ್ಯವಿದ್ದ ಕನ್ನಡಕ್ಕೆ ಅಕ್ಷರ ನೀಡುವ ಅಗತ್ಯ ಯಾರಿಗೂ ಬೀಳಲಿಲ್ಲ. ತುಳುವಿನ ಸಂಗತಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ಸ್ಥಾಪಿಸಿ, 1847ರ ವೇಳೆಗೆ ತುಳು ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಹೊರತಂದಿತು. ತುಳುವಿಗೆ ತಿಗಳಾರಿ ಎಂಬ ಹಳೆಯ ಲಿಪಿಯಿದ್ದರೂ ಮುದ್ರಣದಲ್ಲಿ ಕನ್ನಡ ಲಿಪಿಯೇ ರೂಢಿಯಾಯಿತು. ತುಳು–ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ಥಾನ ದೊರೆತದ್ದು 2024ರಲ್ಲಿ. ಅಚ್ಚಿನಮನೆಯಲ್ಲಿ ಕೈಗೊಂಡ ಲಿಪಿಯ ಆಯ್ಕೆ ಭಾಷೆಯೊಂದರ ಮುಂದಿನ ಹಲವು ತಲೆಮಾರುಗಳನ್ನು ಕಟ್ಟಿಹಾಕಬಲ್ಲದೆಂಬುದಕ್ಕೆ ಇದು ಸಾಕ್ಷಿ. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ.

ಮಿಜೋರಾಂನಲ್ಲಿ ಪರಿಣಾಮ ಇನ್ನೂ ಗಾಢ. 1894ರಲ್ಲಿ ಅಲ್ಲಿಗೆ ತಲುಪಿದ ಜೆ.ಎಚ್. ಲೊರೇನ್ ಮತ್ತು ಎಫ್.ಡಬ್ಲ್ಯೂ. ಸ್ಯಾವಿಜ್ ಮಿಜೋ ಭಾಷೆಗೆ ರೋಮನ್ ಲಿಪಿಯನ್ನು ಅಳವಡಿಸಿದರು. ಅವರು ಬಂದ ಜನವರಿ 11 ಅಲ್ಲಿ ‘ಮಿಷನರಿ ದಿನ’ವಾಗಿ ರಜಾದಿನ. 2025ರ ಮೇ ತಿಂಗಳಲ್ಲಿ ರಾಜ್ಯವನ್ನು ಪೂರ್ಣ ಸಾಕ್ಷರವೆಂದು ಘೋಷಿಸಲಾಯಿತು. ಸಂತಾಲರದು ಭಿನ್ನ ಹಾದಿ. ಮಿಷನರಿಗಳು ರೋಮನ್ ಲಿಪಿಯಲ್ಲಿ ಬರೆದ ಸಂತಾಲಿಗೆ ಅದೇ ಸಮುದಾಯದ ರಘುನಾಥ ಮುರ್ಮು 1925ರಲ್ಲಿ ‘ಓಲ್ ಚಿಕಿ’ ಎಂಬ ಸ್ವಂತ ಲಿಪಿಯನ್ನೇ ರೂಪಿಸಿದರು. 2003ರಲ್ಲಿ ಸಂತಾಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ನಿಕೋಬಾರ್ ದ್ವೀಪಗಳಲ್ಲಿ ಅನುವಾದಕ ಹೊರಗಿನವನೇ ಆಗಿರಲಿಲ್ಲ. ಕಾರ್ ನಿಕೋಬಾರ್‌ನವರೇ ಆದ ಬಿಷಪ್ ಜಾನ್ ರಿಚರ್ಡ್‌ಸನ್ ತಮ್ಮ ತಾಯ್ನುಡಿಗೆ ಬೈಬಲ್ ತಂದರು. ಮೊದಲ ಲೋಕಸಭೆಗೆ ಅವರು ನಾಮನಿರ್ದೇಶಿತರೂ ಆಗಿದ್ದರು.

ಸೆಂಟಿನೆಲ್ ದ್ವೀಪದ ಪಾಠ

ಅಂಡಮಾನ್ ದ್ವೀಪಸಮೂಹದ ಉತ್ತರ ಸೆಂಟಿನೆಲ್‌ನಲ್ಲಿ ವಾಸಿಸುವ ಜನರ ಭಾಷೆ ಹೊರಗಿನ ಯಾರಿಗೂ ತಿಳಿಯದು. ನೆರೆಯ ಓಂಗೆ ಭಾಷಿಕರಿಗೂ ಅದು ಅರ್ಥವಾಗಿಲ್ಲ. 1956ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ನಿಯಮಾವಳಿಯಡಿ ದ್ವೀಪಕ್ಕೆ ಪ್ರವೇಶ ನಿಷಿದ್ಧ. 2018ರ ನವೆಂಬರ್‌ನಲ್ಲಿ ಅಮೆರಿಕದ ಯುವಕ ಜಾನ್ ಅಲೆನ್ ಚೌ ಮೀನುಗಾರರಿಗೆ ಹಣ ನೀಡಿ ಅಲ್ಲಿಗೆ ತೆರಳಿದರು. ಅಮೆರಿಕದ ಮಿಷನ್ ಸಂಸ್ಥೆಯೊಂದರ ಶಿಬಿರದಲ್ಲಿ, ಬುಡಕಟ್ಟಿನ ಹಳ್ಳಿಯನ್ನು ಹೋಲುವ ಕೃತಕ ವಾತಾವರಣದಲ್ಲಿ, ಅವರು ತರಬೇತಿ ಪಡೆದಿದ್ದರು. ಭಾಷಾವಿಜ್ಞಾನವನ್ನೂ ಅಭ್ಯಸಿಸಿದ್ದರು. ಮೊದಲ ಯತ್ನದಲ್ಲಿ ಹುಡುಗನೊಬ್ಬ ಬಿಟ್ಟ ಬಾಣ ತಮ್ಮ ಕೈಯಲ್ಲಿದ್ದ ಬೈಬಲ್‌ಗೆ ನಾಟಿತೆಂದು ಅವರು ದಿನಚರಿಯಲ್ಲಿ ಬರೆದಿದ್ದಾರೆ. ಮತ್ತೆ ತೆರಳಿದ ಅವರು ಹಿಂದಿರುಗಲಿಲ್ಲ. ಶವವನ್ನು ಇಂದಿಗೂ ಹೊರತಂದಿಲ್ಲ. ಅವರನ್ನು ಕರೆದೊಯ್ದ ಮೀನುಗಾರರ ಬಂಧನವಾಯಿತು.

ಈ ಘಟನೆಯನ್ನು ಅನೇಕ ಕ್ರೈಸ್ತ ಚಿಂತಕರೂ ಟೀಕಿಸಿದರು. ಬರಬೇಡಿರೆಂದು ಬಾಣದ ಭಾಷೆಯಲ್ಲಿ ಮತ್ತೆ ಮತ್ತೆ ಹೇಳಿದ ಜನರ ಮಾತನ್ನು ಅರ್ಥಮಾಡಿಕೊಳ್ಳಲು ಯಾವ ನಿಘಂಟೂ ಬೇಕಾಗಿರಲಿಲ್ಲ.

ಇಂದಿನ ಸ್ಥಿತಿ

ಅನುವಾದದ ಸ್ವರೂಪ ಈಗ ಬಹಳಷ್ಟು ಬದಲಾಗಿದೆ. ಹೊರಗಿನ ಮಿಷನರಿ ದಂಪತಿ ದಶಕಗಟ್ಟಲೆ ಗುಡಿಸಲಿನಲ್ಲಿ ಕುಳಿತು ಅನುವಾದಿಸುವ ಕಾಲ ಹಿಂದೆ ಸರಿಯುತ್ತಿದ್ದು, ಆ ಭಾಷೆಯವರೇ ಅನುವಾದಕರಾಗಿ, ಹೊರಗಿನವರು ಸಲಹೆಗಾರರಾಗಿ ದುಡಿಯುವುದು ಹೆಚ್ಚುತ್ತಿದೆ. ಅಗತ್ಯವಿರುವ ಪ್ರತಿ ಭಾಷೆಯಲ್ಲಿಯೂ 2025ರೊಳಗೆ ಅನುವಾದ ಆರಂಭಿಸುವ ಗುರಿಯನ್ನು ವಿಕ್ಲಿಫ್ ಸಂಸ್ಥೆ 1999ರಲ್ಲಿ ಹಾಕಿಕೊಂಡಿತ್ತು. ಕರಡು ಸಿದ್ಧಪಡಿಸಲು ಕಂಪ್ಯೂಟರ್ ತಂತ್ರಾಂಶ, ಓದುಬಾರದವರಿಗಾಗಿ ಧ್ವನಿಮುದ್ರಿತ ಬೈಬಲ್ ಬಳಕೆಗೆ ಬಂದಿವೆ. 1951ರಲ್ಲಿ ಹತ್ತು ಪುಟಗಳ ಪಟ್ಟಿಯಾಗಿ ಆರಂಭವಾದ ಎಸ್‌ಐಎಲ್‌ನ ‘ಎಥ್ನೋಲಾಗ್’ ಇಂದು ಜಗತ್ತಿನ 7,000ಕ್ಕೂ ಹೆಚ್ಚು ಭಾಷೆಗಳ ಮಾಹಿತಿ ಕೋಶ. ಭಾಷೆಗಳಿಗೆ ಮೂರಕ್ಷರದ ಅಂತಾರಾಷ್ಟ್ರೀಯ ಸಂಕೇತ ನೀಡುವ ಹೊಣೆಯೂ ಇದೇ ಸಂಸ್ಥೆಯದು. ಮಿಷನರಿಗಳನ್ನು ಒಪ್ಪದ ಸಂಶೋಧಕರೂ ಈ ದಾಖಲೆಗಳನ್ನು ಬಳಸದೆ ಇರಲಾರರು.

ವಾವೊರಾನಿಗಳ ಕಥೆಗೂ ಹೊಸ ಅಧ್ಯಾಯ ಸೇರಿದೆ. 2019ರ ಏಪ್ರಿಲ್ 26ರಂದು ಈಕ್ವೆಡಾರ್‌ನ ಪಾಸ್ತಾಸಾ ಪ್ರಾಂತ್ಯದ ನ್ಯಾಯಾಲಯ, ವಾವೊರಾನಿ ನೆಲವನ್ನು ತೈಲ ಹರಾಜಿಗಿಡುವ ಮುನ್ನ ಸರ್ಕಾರ ನಡೆಸಿದ್ದ ಸಮಾಲೋಚನೆ ಕ್ರಮಬದ್ಧವಾಗಿರಲಿಲ್ಲವೆಂದು ತೀರ್ಪಿತ್ತಿತು. ಸುಮಾರು ಐದು ಲಕ್ಷ ಎಕರೆ ಕಾಡು ಇದರಿಂದ ಉಳಿಯಿತು. ಹೋರಾಟದ ಮುಂದಾಳು ನೆಮೊಂತೆ ನೆಂಕಿಮೊ ಮರುವರ್ಷ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಗೆ ಪಾತ್ರರಾದರು. ಬಾಲ್ಯದಲ್ಲಿ ಮಿಷನರಿಗಳ ಆಸರೆಯಲ್ಲಿ ಓದಿದ ಅವರು 2024ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆ ಮಿಷನರಿಗಳ ಪ್ರಭಾವವನ್ನೇ ಕಟುವಾಗಿ ವಿಮರ್ಶಿಸಿದ್ದಾರೆ. ವಾವೊರಾನಿಗಳ ಬಂಧುಗಳಾದ ತಗಾಯೆರಿ ಮತ್ತು ತಾರೊಮೆನಾನೆ ಗುಂಪುಗಳು ಇಂದಿಗೂ ಹೊರಜಗತ್ತಿನಿಂದ ದೂರವೇ ಉಳಿದಿವೆ. ಅವರ ಬಾಗಿಲು ತಟ್ಟಬೇಕೆ, ಬೇಡವೆ ಎಂಬುದನ್ನು ನಿರ್ಧರಿಸುವ ಹಕ್ಕು ಹೊರಗಿನವರದಲ್ಲ, ಬಾಗಿಲ ಒಳಗಿರುವವರದು ಎಂಬ ತತ್ತ್ವವನ್ನು ಇಂದು ಅಂತಾರಾಷ್ಟ್ರೀಯ ಸಂಸ್ಥೆಗಳೂ ಅನೇಕ ಸರ್ಕಾರಗಳೂ ಒಪ್ಪಿವೆ.